ಷರತ್ತಿಲ್ಲದೆ ಕೂಡಿದವರ ಏಳು ದಶಕ

ಆಗಸ್ಟ್ 15ರ ಬಾವುಟ ಇಳಿದು ತಿಂಗಳು ದಾಟುತ್ತಿದ್ದಂತೆ ಕಲಬುರಗಿಯಲ್ಲಿ ಮತ್ತೊಮ್ಮೆ ಬಾವುಟ ಏರುತ್ತದೆ. ಹೈದರಾಬಾದ್ ವಿಮೋಚನೆಯ ದಿನವಾದ ಸೆಪ್ಟೆಂಬರ್ 17ರ ಬೆಳಿಗ್ಗೆ ಪಟೇಲ್ ವೃತ್ತದಲ್ಲಿ ಸರ್ದಾರರ ಪುತ್ಥಳಿಗೆ ಮಾಲೆ ಬೀಳುತ್ತದೆ, ಕವಾಯತು ನಡೆಯುತ್ತದೆ, ಆ ವರ್ಷ ಅಧಿಕಾರದಲ್ಲಿರುವವರ ಭಾಷಣವಾಗುತ್ತದೆ. ಅದಾಗಿ ಒಂದೂವರೆ ತಿಂಗಳಿಗೆ ನವೆಂಬರ್ 1 ಬಂದು ಹಳದಿ ಕೆಂಪು ಬಾವುಟದ ಸರದಿ. ಈ ಮೂರು ದಿನಗಳ ನಡುವಣ ದೂರ ಪಂಚಾಂಗದಲ್ಲಿ ಎರಡೂವರೆ ತಿಂಗಳಾದರೆ ಚರಿತ್ರೆಯಲ್ಲಿ ಒಂಬತ್ತು ವರ್ಷ. ಆ ಒಂಬತ್ತು ವರ್ಷಗಳಲ್ಲಿ ನಮ್ಮ ನೆಲ ಮೊದಲು ಸ್ವತಂತ್ರ ಭಾರತದ ನಟ್ಟನಡುವೆ ಒಂದು ನಡುಗಡ್ಡೆಯಾಗಿತ್ತು, ಬಳಿಕ ಭಾರತದ ಒಂದು ರಾಜ್ಯವಾಯಿತು, ಕೊನೆಗೆ ಮೂರು ಹೋಳಾಗಿ ಮೂರು ರಾಜ್ಯಗಳ ಅಂಚಿಗೆ ಸೇರಿತು. ಆ ಪಾಲುಪಟ್ಟಿಗೆ ಎಪ್ಪತ್ತು ವರ್ಷ ತುಂಬುವ ಹೊಸ್ತಿಲಲ್ಲಿ ನಿಂತು ಹಿಂದಿರುಗಿ ನೋಡುವುದು ಈ ಭಾಗದವರಿಗೆ ಮೈಯೊಳಗಿನ ಹಳೆಯ ಗಾಯವೊಂದನ್ನು ಸವರಿಕೊಂಡಂತೆ. ನೋವು ಕಡಿಮೆಯಾಗಿದೆ, ಆದರೆ ಗುರುತು ಮಾಸಿಲ್ಲ.

ನಡುಗಡ್ಡೆ ಎಂಬ ಮಾತನ್ನು ಇಲ್ಲಿ ಅಲಂಕಾರಕ್ಕಾಗಿ ಬಳಸಿಲ್ಲ. 1947ರ ಆಗಸ್ಟ್‌ನಿಂದ 1948ರ ಸೆಪ್ಟೆಂಬರ್‌ವರೆಗೆ, ಹದಿಮೂರು ತಿಂಗಳ ಕಾಲ, ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರ ಹೈದರಾಬಾದ್ ಸಂಸ್ಥಾನದ ಸುತ್ತಲೂ ಸ್ವಾತಂತ್ರ್ಯವಿತ್ತು, ಒಳಗೆ ಇರಲಿಲ್ಲ. ಗಡಿಯ ಆಚೆ ಚಲಾವಣೆಯಲ್ಲಿದ್ದ ನಾಣ್ಯಕ್ಕೆ ನಮ್ಮ ಹಿರಿಯರು ಕಲ್ದಾರ್ ಎನ್ನುತ್ತಿದ್ದರು, ಈಚೆಯದು ಹಾಲಿ ಸಿಕ್ಕಾ. ಕಚೇರಿಯ ಭಾಷೆ ಉರ್ದು, ಶಾಲೆಯಲ್ಲಿ ಮೇಲಿನ ತರಗತಿಗಳ ಭಾಷೆಯೂ ಉರ್ದು. ಕಲಬುರಗಿಯ ನೂತನ ವಿದ್ಯಾಲಯ, ರಾಯಚೂರಿನ ಹಮ್‌ದರ್ದ್ ಶಾಲೆಯಂಥ ಕೆಲವು ದೀಪಗಳನ್ನು ಬಿಟ್ಟರೆ ದೇಶಭಾಷೆಯ ಕಲಿಕೆಗೆ ಆಸರೆ ಕಡಿಮೆ. ಧಾರವಾಡ, ವಿಜಯಪುರದ ಕಡೆಯವರು ನಮ್ಮನ್ನು ಮೊಗಲಾಯಿಯವರು ಎಂದು ಕರೆಯುತ್ತಿದ್ದುದೂ ಬೇರೆ ದೇಶದವರನ್ನು ಕರೆದಂತೆಯೇ. ಆದರೂ ಆ ಗಡಿಯನ್ನು ದಾಟಿದ ಸಹಕಾರವಿತ್ತು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ ನಡೆದದ್ದು ಅಂದಿನ ಮುಂಬಯಿ ಪ್ರಾಂತದ ನೆಲದಲ್ಲಿ. ಆಚೆಯ ಹಳ್ಳಿಗಳು ಉಣ್ಣಲು ಇಕ್ಕಿ ಮಲಗಲು ಜಾಗ ಕೊಟ್ಟದ್ದರಿಂದಲೇ ನಿಜಾಮರ ವಿರುದ್ಧದ ಈಚೆಯ ಹೋರಾಟ ಉಸಿರಾಡಿತು. ಗಡಿ ಸಹಕಾರದ ಲೆಕ್ಕ ಬರೆಯುವಾಗ ಮೊದಲ ಜಮಾ ಇದೇ ಆಗಬೇಕು.

1948ರ ಸೆಪ್ಟೆಂಬರ್ 13ರಂದು ಸೇನೆ ಒಳಬಂತು, 17ಕ್ಕೆ ನಿಜಾಮರು ಸೋಲೊಪ್ಪಿದರು. ಆ ದಿನದ ಹಿಂದೆಯೂ ಮುಂದೆಯೂ ರಕ್ತವಿದೆ. ಹಿಂದೆ ನಿಜಾಮರ ಪರ ನಿಂತ ರಜಾಕಾರ ಪಡೆಯ ಹಾವಳಿ. ಬಸವಕಲ್ಯಾಣದ ಕಡೆಯ ಗೋರ್ಟಾ ಗ್ರಾಮದ ಹೆಸರು ಹೇಳಿದರೆ ಇಂದಿಗೂ ಹಿರಿಯರ ಧ್ವನಿ ತಗ್ಗುತ್ತದೆ. ಮುಂದೆ ಪ್ರತೀಕಾರದ ದಿನಗಳು. ಪಂಡಿತ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಯಲ್ಲಿ ಸುತ್ತಾಡಿ ಬಂದು, ಅತಿ ಹೆಚ್ಚು ಮುಸ್ಲಿಮರು ಪ್ರಾಣ ತೆತ್ತ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡನ್ನೂ ಎಣಿಸಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ವಿಮೋಚನೆಯನ್ನು ನೆನೆಯುವವರು ಈ ಎರಡೂ ಸಾವುಗಳನ್ನು ಒಟ್ಟಿಗೆ ನೆನೆಯಬೇಕು. ಖ್ವಾಜಾ ಬಂದೇನವಾಜರ ಉರುಸಿಗೂ ಶರಣಬಸವೇಶ್ವರರ ತೇರಿಗೂ ಒಂದೇ ಜನ ಕೂಡುವ ಊರಿಗೆ ಅದು ಕಷ್ಟದ ಮಾತಲ್ಲ. ಮರುವರ್ಷವೇ, 1949ರಲ್ಲಿ, ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನ ಸೇರಿತು. 1928ರಲ್ಲಿ ನಿಜಾಮರ ಆಳ್ವಿಕೆಯಲ್ಲಿ ಬಿ.ಎಂ.ಶ್ರೀ. ಅವರನ್ನು ಅಧ್ಯಕ್ಷರನ್ನಾಗಿ ಕಂಡಿದ್ದ ಊರು, ಈಗ ಸ್ವಾತಂತ್ರ್ಯದ ಗಾಳಿಯಲ್ಲಿ ಅದೇ ಹಬ್ಬವನ್ನು ಮಾಡಿತು.

ಮುಂದಿನ ಕಥೆ ಓದುಗರಿಗೆ ಗೊತ್ತಿರುವುದೇ. 1952ರ ಚುನಾವಣೆಯಲ್ಲಿ ಬೂರ್ಗುಲ ರಾಮಕೃಷ್ಣರಾವ್ ಹೈದರಾಬಾದ್ ರಾಜ್ಯದ ಮುಖ್ಯಮಂತ್ರಿಯಾದರು. ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು ಗುಲ್ಬರ್ಗದಿಂದ ಲೋಕಸಭೆಗೆ ಹೋದರು. ಅದೇ ವರ್ಷ ಹೈದರಾಬಾದಿನ ಬೀದಿಗಳಲ್ಲಿ ಮುಲ್ಕಿ ಚಳವಳಿ ಎದ್ದಿತು. ನೌಕರಿ ನೆಲದ ಮಕ್ಕಳಿಗೆ ಎಂಬ ಕೂಗು ಆಗಲೇ ಹಳೆಯದು, ನಿಜಾಮರ ಕಾಲದ ಮುಲ್ಕಿ ನಿಯಮದಿಂದ ಬಂದದ್ದು. ಫಜಲ್ ಅಲಿ, ಪಣಿಕ್ಕರ್, ಕುಂಜ್ರು ಅವರ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟಾಗ ತೆಲಂಗಾಣವನ್ನು ಬೇರೆ ರಾಜ್ಯವಾಗಿ ಉಳಿಸಲು ಹೇಳಿತಲ್ಲದೆ ಬೀದರ್ ಜಿಲ್ಲೆಯನ್ನೂ ಅದರೊಳಗೆ ಇಟ್ಟಿತ್ತು. ಹಾಗೇ ಆಗಿದ್ದರೆ ಬಸವಣ್ಣನ ಕಲ್ಯಾಣ ಕನ್ನಡ ರಾಜ್ಯದ ಹೊರಗೆ ಉಳಿಯುತ್ತಿತ್ತು. ಹಾಗಾಗಲಿಲ್ಲ. 1956ರ ನವೆಂಬರ್ 1ರಂದು ಬೀದರ್, ಗುಲ್ಬರ್ಗ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಇಡಿಯಾಗಿ ಬರಲಿಲ್ಲ. ಗುಲ್ಬರ್ಗದಿಂದ ಕೊಡಂಗಲ್, ತಾಂಡೂರು. ರಾಯಚೂರಿನಿಂದ ಗದ್ವಾಲ, ಆಲಂಪುರ. ಬೀದರಿನಿಂದ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೆ ಹೋದವು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿಗೆ ಸೇರಿದವು. ಹೆಣ್ಣು ಕೊಟ್ಟು ತಂದ ಊರುಗಳು, ತೊಗರಿ ಮಾರಲು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಪೇಟೆಗಳು, ರಾತ್ರಿ ಕಳೆದು ಬೆಳಗಾಗುವುದರೊಳಗೆ ಪರರಾಜ್ಯವಾದವು.

ಆ ವಿಭಜನೆ ಒಂದು ಮನೆಯಲ್ಲಿ ಏನು ಬಿಟ್ಟುಹೋಯಿತೆಂಬುದನ್ನು ನಾವು ಕಲಬುರಗಿ ಬಳಿಯ ಕಮಲಾಪುರದಲ್ಲಿ ಕಂಡಿದ್ದೇವೆ. ಅಲ್ಲಿನ ಹಿರಿಯರೊಬ್ಬರು ಒಳಗಿನಿಂದ ತಗಡಿನ ಟ್ರಂಕು ತರಿಸಿ, ಅರಿವೆಯಲ್ಲಿ ಸುತ್ತಿದ್ದ ಕಾಗದವೊಂದನ್ನು ಮಡಿಕೆ ಹರಿಯದಂತೆ ಎರಡೂ ಅಂಗೈಯಲ್ಲಿ ಬಿಡಿಸಿದರು. 1954–55ರ ಖಾಸರಾ ಪಹಣಿಯ ನಕಲು. ಕಂದುಬಣ್ಣಕ್ಕೆ ತಿರುಗಿದ ಹಾಳೆಯ ಮೇಲೆ ಬಲದಿಂದ ಎಡಕ್ಕೆ ಹರಿದ ಉರ್ದು ಅಕ್ಷರ, ಮೂಲೆಯಲ್ಲಿ ಮಸುಕಾದ ಮೊಹರು. ಅವರ ತಂದೆಗೆ ಅದನ್ನು ಓದಲು ಬರುತ್ತಿತ್ತು. ಅವರಿಗೆ ತಮ್ಮ ಹೊಲದ ಹೆಸರಿನ ಸಾಲು ಮಾತ್ರ ಗುರುತು, ಬೆರಳಿಟ್ಟು ತೋರಿಸಿದರು. ಮಗನಿಗೂ ಮೊಮ್ಮಕ್ಕಳಿಗೂ ಅದು ಬರೀ ಚಿತ್ತಾರ. ಏನಾದರೂ ತಕರಾರು ಬಂದರೆ ಅದನ್ನು ಕಲಬುರಗಿಗೆ ಒಯ್ದು, ಉರ್ದು ಬಲ್ಲ ನಿವೃತ್ತ ಮಾಸ್ತರರೊಬ್ಬರನ್ನು ಹುಡುಕಿ ಓದಿಸಬೇಕು. ಕನ್ನಡ ನಮ್ಮ ಕಚೇರಿಗೆ ಬಂದದ್ದು ನಮ್ಮ ಪಾಲಿನ ದೊಡ್ಡ ಗಳಿಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲ್ಕು ಭಾಷೆಗಳನ್ನು ಸಲೀಸಾಗಿ ಆಡುತ್ತಿದ್ದ ತಲೆಮಾರೊಂದು ಕಣ್ಮರೆಯಾಗುವಾಗ ನಮ್ಮದೇ ಹೊಲದ ಕಾಗದ ನಮಗೆ ಅಪರಿಚಿತವಾದದ್ದನ್ನು ಖರ್ಚಿನ ಕಾಲಂನಲ್ಲಿ ಬರೆಯದೆ ಇರಲಾಗದು.

ಇನ್ನೂ ದೊಡ್ಡ ಖರ್ಚು ಕಾಣಿಸಿಕೊಂಡದ್ದು ಸಂವಿಧಾನದ ಪುಟದಲ್ಲಿ. ರಾಜ್ಯ ಪುನರ್ವಿಂಗಡಣೆಗೆಂದು ತಂದ ಏಳನೇ ತಿದ್ದುಪಡಿಯಲ್ಲೇ 371ನೇ ವಿಧಿಯನ್ನು ಹೊಸದಾಗಿ ಬರೆಯಲಾಯಿತು. ಆಂಧ್ರಕ್ಕೆ ಸೇರಿದ ತೆಲಂಗಾಣಕ್ಕಾಗಿ ಪ್ರಾದೇಶಿಕ ಸಮಿತಿಯ ಅವಕಾಶ ಅದರಲ್ಲಿ ಬಂತು. ಮರಾಠವಾಡಕ್ಕಾಗಿ ಪ್ರತ್ಯೇಕ ಅಭಿವೃದ್ಧಿ ಮಂಡಳಿಯ ಅವಕಾಶವೂ ಬಂತು. ತೆಲಂಗಾಣದ ಕೈಯಲ್ಲಿ 1956ರ ಫೆಬ್ರವರಿಯ ಸಜ್ಜನರ ಒಪ್ಪಂದವಿತ್ತು, ಮರಾಠವಾಡದ ಕೈಯಲ್ಲಿ 1953ರ ನಾಗಪುರ ಒಪ್ಪಂದವಿತ್ತು. ಒಂದೇ ಸಂಸ್ಥಾನದ ಮೂರು ಮಕ್ಕಳಲ್ಲಿ ಇಬ್ಬರ ಹೆಸರು ಬರೆದು ಮೂರನೆಯವರ ಹೆಸರು ಬಿಟ್ಟಂತಾಯಿತು. ನಮ್ಮವರು ಕೇಳಿರಲಿಲ್ಲ. ಕನ್ನಡದ ಮನೆಗೆ ಹೋಗುವಾಗ ಕರಾರುಪತ್ರ ಏಕೆಂದು ಭಾವಿಸಿದ ಜನ ಅವರು. ಆ ನಂಬಿಕೆಯಲ್ಲಿ ತಪ್ಪಿರಲಿಲ್ಲ. ಆದರೆ ಹೊಸ ಮನೆಯಲ್ಲಿ ಮೊದಲೇ ಓದಿ ಮುಂದಾಗಿದ್ದ ಹಳೆಯ ಮೈಸೂರಿನ ಮಕ್ಕಳ ಜತೆ ಒಂದೇ ಪರೀಕ್ಷೆಗೆ, ಒಂದೇ ನೌಕರಿಗೆ ಕೂರಬೇಕಾಗಿ ಬಂದಾಗ, ಕನ್ನಡ ಮಾಧ್ಯಮದ ಹೈಸ್ಕೂಲೇ ಹೊಸದಾಗಿದ್ದ ಜಿಲ್ಲೆಗಳ ಮಕ್ಕಳು ಎಲ್ಲಿ ನಿಲ್ಲಬಲ್ಲರು? ಶಿಕ್ಷಕರ ಕೊಠಡಿಯಲ್ಲಿ, ಕಚೇರಿಯ ಮೇಜಿನ ಹಿಂದೆ ಹೊರಗಿನವರು ಬಂದರು. ಹಲವರು ಒಳ್ಳೆಯವರು, ದುಡಿದವರು. ಹಲವರಿಗೆ ಮಾತ್ರ ಈ ಬಿಸಿಲೂರು ಶಿಕ್ಷೆಯ ವರ್ಗಾವಣೆಯಾಗಿಯೇ ಕಂಡಿತು.

ಸರಕಾರದ ಬಾಗಿಲು ಕಾಯುತ್ತ ಜನ ಸುಮ್ಮನೆ ಕೂರಲಿಲ್ಲ ಎಂಬುದು ಆ ದಶಕಗಳ ಗೌರವ. ಮಹಾದೇವಪ್ಪ ರಾಂಪುರೆಯವರು 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಎಂಜಿನಿಯರಿಂಗ್ ಕಾಲೇಜು, ಮುಂದೆ ವೈದ್ಯಕೀಯ ಕಾಲೇಜು ಬಂದವು. ಶರಣಬಸವೇಶ್ವರ ಸಂಸ್ಥಾನದ ನೆರಳಲ್ಲಿ ಹೆಣ್ಣುಮಕ್ಕಳಿಗೆ ಕಾಲೇಜು ಬಂತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬರುವವರೆಗೆ ಪದವಿಯ ಕಾಗದಕ್ಕೆ ಧಾರವಾಡದ ಕಡೆ ಮುಖ ಮಾಡಬೇಕಿತ್ತು. ಧರ್ಮಸಿಂಗ್ ಸಮಿತಿಯ ಶಿಫಾರಸಿನ ಫಲವಾಗಿ 1991ರ ಕಾಯ್ದೆಯಿಂದ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಹುಟ್ಟಿತು. ಅದರ ಬೇರು ರಾಜ್ಯದ ಕಾಯ್ದೆಯಲ್ಲಿತ್ತು, ಸಂವಿಧಾನದಲ್ಲಿರಲಿಲ್ಲ. ಹಣ ವರ್ಷದಿಂದ ವರ್ಷಕ್ಕೆ ಹಿರಿದಾಗಿ ಕಿರಿದಾಗಿ ಬಂತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅಂಕಿಗಳನ್ನು ಮುಂದಿಟ್ಟಿತು: ರಾಜ್ಯದ 114 ಹಿಂದುಳಿದ ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಎಲ್ಲರಿಗೂ ಗೊತ್ತಿದ್ದ ಸತ್ಯಕ್ಕೆ ಆ ದಿನ ಸರಕಾರಿ ಮುದ್ರೆ ಬಿತ್ತು.

ಅಂಕಿಗಳ ಹಿಂದೆ ಬೀದಿಯ ಹೋರಾಟವೂ ಇತ್ತು. 371ನೇ ವಿಧಿ ಬೇಕೆಂಬ ಬೇಡಿಕೆಗೆ ಮಾಜಿ ಸಚಿವ ವೈಜನಾಥ ಪಾಟೀಲರು ತಮ್ಮ ಬಾಳಿನ ಕೊನೆಯ ದಶಕಗಳನ್ನು ಧಾರೆಯೆರೆದರು. ಚಿಂಚೋಳಿಯಿಂದ ದೆಹಲಿಯವರೆಗೆ ಧರಣಿ, ಬಂದ್, ಮನವಿ. ಕೇಂದ್ರ ಒಮ್ಮೆ ಆಗದು ಎಂದಿತು. ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್ ಅವರಂಥ ನಾಯಕರು ದೆಹಲಿಯಲ್ಲಿ ಪಟ್ಟು ಬಿಡಲಿಲ್ಲ, ರಾಜ್ಯದ ಎಲ್ಲ ಪಕ್ಷಗಳೂ ಒಂದು ಹಂತದಲ್ಲಿ ದನಿಗೂಡಿಸಿದವು. 2012ರ ಡಿಸೆಂಬರಿನಲ್ಲಿ ಸಂಸತ್ತು 98ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು, 2013ರ ಅಕ್ಟೋಬರ್ 1ರಂದು 371(ಜೆ) ಜಾರಿಗೆ ಬಂತು. ಮೂರನೆಯ ಮಗುವಿನ ಹೆಸರು ಬರೆಯಲು ಐವತ್ತಾರು ವರ್ಷ ಹಿಡಿದಿತ್ತು. ಆ ಸುದ್ದಿ ಬಂದ ದಿನ ಕಲಬುರಗಿಯಲ್ಲಿ ಪಟಾಕಿ ಹಚ್ಚಿದವರಲ್ಲಿ ತಮ್ಮ ನೌಕರಿಯ ವಯಸ್ಸು ಮೀರಿಹೋಗಿದ್ದ ಎಷ್ಟೋ ಮಂದಿಯಿದ್ದರು.

ಆ ಬಳಿಕದ ಗಳಿಕೆ ಸಣ್ಣದಲ್ಲ. ಪ್ರದೇಶದ ಸರಕಾರಿ ಹುದ್ದೆಗಳಲ್ಲಿ ‘ಎ’ ಮತ್ತು ‘ಬಿ’ ವೃಂದಕ್ಕೆ ಶೇ 75, ‘ಸಿ’ಗೆ ಶೇ 80, ‘ಡಿ’ಗೆ ಶೇ 85, ಇಲ್ಲಿನ ವೃತ್ತಿಶಿಕ್ಷಣದ ಸೀಟುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಈ ಭಾಗದವರಿಗೆ ಮೀಸಲಾಯಿತು. ಹೊಲಗೆಲಸದವರ ಮನೆಯಿಂದ ಡಾಕ್ಟರು, ಎಂಜಿನಿಯರು ಬಂದದ್ದನ್ನು ಈಗ ಪ್ರತಿ ಓಣಿಯೂ ತನ್ನ ಕಣ್ಣಾರೆ ಕಂಡಿದೆ. 2009ರಲ್ಲಿ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂದಿತ್ತು. 2013ರಲ್ಲಿ ಇಲ್ಲಿನ ಹೈಕೋರ್ಟ್ ಪೀಠ ಕಾಯಂ ಆಯಿತು. 2014ರ ರಾಜ್ಯೋತ್ಸವಕ್ಕೆ ಗುಲ್ಬರ್ಗ ಕಲಬುರಗಿಯಾಯಿತು, 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು, ಅದೇ ನವೆಂಬರಿನಲ್ಲಿ ಕಲಬುರಗಿಗೆ ವಿಮಾನ ಇಳಿಯಿತು. ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿಯ ಘೋಷಣೆ 2023ರ ಬಜೆಟ್ಟಿನಲ್ಲಿ ಬಂತು, 2024ರ ಸೆಪ್ಟೆಂಬರ್ 17ರಂದು ಸಚಿವ ಸಂಪುಟವೇ ಕಲಬುರಗಿಯಲ್ಲಿ ಸೇರಿತು.

ಇಷ್ಟಾಗಿಯೂ ತಕ್ಕಡಿಯ ಇನ್ನೊಂದು ತಟ್ಟೆ ಭಾರವಾಗಿಯೇ ಇದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಕಲಬುರಗಿ ಶೇ 64.85ರಲ್ಲಿ, ಯಾದಗಿರಿ ಶೇ 51.83ರಲ್ಲಿ ನಿಂತಿದ್ದವು. ಆಗ 371(ಜೆ) ಇರಲಿಲ್ಲ ಎನ್ನಬಹುದು. ಆದರೆ ಅದು ಬಂದು ಹನ್ನೆರಡು ವರ್ಷವಾಗುವ ಹೊತ್ತಿಗೆ, 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ, ಕಲಬುರಗಿ ಶೇ 42.43ರೊಂದಿಗೆ ರಾಜ್ಯಕ್ಕೇ ಕೊನೆಯ ಜಿಲ್ಲೆಯಾಯಿತು. ಮೀಸಲಾತಿ ಮೆಟ್ಟಿಲ ಮೇಲ್ತುದಿಯಲ್ಲಿದೆ. ಹತ್ತನೇ ತರಗತಿಯಲ್ಲೇ ಜಾರಿದ ಮಗುವಿಗೆ ಅದು ಎಟಕುವುದು ಹೇಗೆ? ಶಾಲೆಯಲ್ಲಿ ಗಣಿತದ, ಇಂಗ್ಲಿಷಿನ ಮಾಸ್ತರರ ಹುದ್ದೆ ಖಾಲಿ, ಆ ಹುದ್ದೆಗೆ ಅರ್ಹರಾದ ಇದೇ ನೆಲದ ಯುವಕರು ನೇಮಕದ ಆದೇಶಕ್ಕೆ ಕಾಯುತ್ತ ಗ್ರಂಥಾಲಯದಲ್ಲಿ. ಈ ಎರಡು ಖಾಲಿತನಗಳನ್ನು ಜೋಡಿಸುವ ಕೆಲಸ ಸಂವಿಧಾನ ಮಾಡಲಾರದು, ಆಡಳಿತ ಮಾಡಬೇಕು. ಮಂಡಳಿಯ ಕೆಲಸದ ವರದಿಯನ್ನು ವರ್ಷಕ್ಕೊಮ್ಮೆ ವಿಧಾನಸಭೆಯ ಮುಂದಿಡಬೇಕೆಂದು 371(ಜೆ) ಹೇಳುತ್ತದೆ. ಆ ವರದಿ ಸದನದ ಮೇಜಿನಿಂದ ಹಳ್ಳಿಯ ಕಟ್ಟೆಗೆ ಇಳಿದು ಚರ್ಚೆಯಾದ ದಿನವನ್ನು ನಾವಂತೂ ಕಂಡಿಲ್ಲ.

ಇನ್ನು ಗಡಿಯ ಮಾತು. ಪಾಲಾಗಿ ಎಪ್ಪತ್ತು ವರ್ಷವಾಗುತ್ತ ಬಂದರೂ ನೀರಿಗೆ, ರೈಲಿಗೆ, ನೆಂಟಸ್ತನಕ್ಕೆ ಹಳೆಯ ನಕಾಶೆಯೇ ನೆನಪಿದೆ. ಕಲಬುರಗಿ ನಿಲ್ದಾಣ ಇಂದಿಗೂ ಸೊಲ್ಲಾಪುರ ರೈಲ್ವೆ ವಿಭಾಗದ್ದು, ಬೀದರ್ ಸಿಕಂದರಾಬಾದಿನದು. 2014ರಲ್ಲಿ ಘೋಷಣೆಯಾದ ಕಲಬುರಗಿ ವಿಭಾಗ ಇನ್ನೂ ಹಳಿಗೆ ಬಂದಿಲ್ಲ. ನಮ್ಮಿಂದ ಹೋದ ಕೊಡಂಗಲ್ ಇಂದು ತೆಲಂಗಾಣಕ್ಕೆ ರೇವಂತ ರೆಡ್ಡಿಯವರನ್ನು ಮುಖ್ಯಮಂತ್ರಿಯಾಗಿ ಕೊಟ್ಟಿದೆ. ಮಹಾಜನ ಆಯೋಗ 1967ರಲ್ಲಿ ಕರ್ನಾಟಕಕ್ಕೆ ಸಲ್ಲಬೇಕೆಂದ ಅಕ್ಕಲಕೋಟೆಯಲ್ಲಿ ಕನ್ನಡ ಶಾಲೆಗಳು ಮಹಾರಾಷ್ಟ್ರದ ನೆಲದಲ್ಲೇ ನಡೆಯುತ್ತಿವೆ. ತುಂಗಭದ್ರೆಗೆ 1953ರಿಂದ ಒಂದು ಜಂಟಿ ಮಂಡಳಿಯಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಪಕ್ಷ ಪ್ರಾಂತ ಮರೆತು ದುಡಿದ ಎಂಜಿನಿಯರು, ಕಾರ್ಮಿಕರು ಒಂದೇ ವಾರದಲ್ಲಿ ನೀರು ತಡೆದರು. ನಮ್ಮ ಭೀಮೆಗೆ ಅಂಥ ಮಂಡಳಿಯಿಲ್ಲ. ಬೇಸಿಗೆಯಲ್ಲಿ ಅಫಜಲಪುರದವರು ಮಹಾರಾಷ್ಟ್ರದ ಉಜನಿ ಅಣೆಕಟ್ಟಿನ ನೀರಿಗಾಗಿ ಮೊರೆಯಿಡುತ್ತಾರೆ, ಬೆಂಗಳೂರಿನಿಂದ ಮುಂಬಯಿಗೆ ಪತ್ರ ಹೋಗುತ್ತದೆ. ಮಳೆಗಾಲದಲ್ಲಿ ಅದೇ ನೀರು ಕೇಳದೆ ಬಂದು, 2020ರ ಅಕ್ಟೋಬರಿನಲ್ಲಿ, 2025ರ ಸೆಪ್ಟೆಂಬರಿನಲ್ಲಿ ಬಂದಂತೆ, ತೊಗರಿ ಹೊಲವನ್ನೂ ಮನೆಯನ್ನೂ ನುಂಗುತ್ತದೆ. ರಾಜ್ಯಗಳು ಕೂತು ಮಾತಾಡಲೆಂದು ಪುನರ್ವಿಂಗಡಣೆಯ ಕಾಯ್ದೆಯೇ ವಲಯ ಮಂಡಳಿಗಳನ್ನು ಹುಟ್ಟುಹಾಕಿತು. ಆದರೆ ಇಂದು ಕರ್ನಾಟಕ ದಕ್ಷಿಣ ವಲಯದಲ್ಲಿ, ಮಹಾರಾಷ್ಟ್ರ ಪಶ್ಚಿಮ ವಲಯದಲ್ಲಿ. ಭೀಮೆಯ ಮೇಲಿನ ಹರಿವಿನವರು ಒಂದು ಮನೆಯಲ್ಲಿ, ಕೆಳಗಿನವರು ಇನ್ನೊಂದು ಮನೆಯಲ್ಲಿ.

ಐರ್ಲೆಂಡ್ ದ್ವೀಪವೂ ಹೀಗೆಯೇ 1920ರ ದಶಕದ ಆರಂಭದಲ್ಲಿ ಎರಡಾಯಿತು. ಅಲ್ಲಿನ ಗಾಯ ನಮ್ಮದಕ್ಕಿಂತ ಆಳ. ಕೊನೆಯ ಮೂರು ದಶಕಗಳ ಸಂಘರ್ಷದಲ್ಲೇ ಮೂರೂವರೆ ಸಾವಿರದಷ್ಟು ಜೀವಗಳು ಹೋದವು. 1998ರ ಏಪ್ರಿಲಿನಲ್ಲಿ ಒಪ್ಪಂದವಾಗಿ, ಮೇ 22ರಂದು ಗಡಿಯ ಎರಡೂ ಕಡೆಯ ಜನ ಒಂದೇ ದಿನ ಮತ ಹಾಕಿ ಅದನ್ನು ಒಪ್ಪಿದರು. ಇಡೀ ದ್ವೀಪ ತನ್ನದೆಂದು ಸಂವಿಧಾನದಲ್ಲಿ ಬರೆದುಕೊಂಡಿದ್ದ ದಕ್ಷಿಣದ ಗಣರಾಜ್ಯ ಆ ಹಕ್ಕೊತ್ತಾಯವನ್ನು ತಿದ್ದಿಕೊಂಡಿತು. ಉತ್ತರ–ದಕ್ಷಿಣ ಸಚಿವರ ಮಂಡಳಿಗೆ ಆರ್ಮಾ ಪಟ್ಟಣದಲ್ಲಿ ಕಚೇರಿಯಾಯಿತು, ಕಾಲುವೆ ಮತ್ತು ಜಲಮಾರ್ಗಗಳನ್ನು ಎರಡೂ ಕಡೆಗೂ ಸೇರಿದ ಒಂದೇ ಸಂಸ್ಥೆ ನೋಡಿಕೊಳ್ಳತೊಡಗಿತು. ಉತ್ತರದ ಸರಕಾರ ಬಿದ್ದಾಗಲೆಲ್ಲ ಆ ಮಂಡಳಿಯೂ ವರ್ಷಗಟ್ಟಲೆ ಸ್ತಬ್ಧವಾಯಿತು. ಕಾಗದವೊಂದೇ ಸಾಲದೆಂಬ ಪಾಠ ಅಲ್ಲೂ ಇದೆ. ಆದರೂ ಗಡಿ ಇದ್ದಲ್ಲೇ ಇರಲಿ, ಗಡಿ ದಾಟುವ ಕೆಲಸಕ್ಕೆ ಒಂದು ಕಾಯಂ ಮನೆ ಇರಲಿ ಎಂಬ ಆ ವಿವೇಕ, ಒಂದೇ ದೇಶದೊಳಗಿನ, ಒಂದೇ ಸಂವಿಧಾನದ ಕೆಳಗಿನ ಮೂರು ರಾಜ್ಯಗಳಿಗೆ ಅಸಾಧ್ಯವಾಗಬಾರದು. ಹಳೆಯ ಸಂಸ್ಥಾನದ ಮೂರು ತುಂಡುಗಳಿಗೂ ಈಗ ಸಂವಿಧಾನದ 371ನೇ ಸಾಲಿನ ಆಸರೆಯುಂಟು. ಮೂರಕ್ಕೂ ಬರವೂ ನೆರೆಯೂ ಗುಳೆಯೂ ಸಮಾನ. ಮೂವರೂ ಒಂದು ಮೇಜಿಗೆ ಕೂತದ್ದಿಲ್ಲ.

ಕೂರುವುದಾದರೆ ಕಲಬುರಗಿಗಿಂತ ತಕ್ಕ ಊರಿಲ್ಲ. ಇಲ್ಲಿಂದ ಸೊಲ್ಲಾಪುರ ನೂರು ಕಿಲೋಮೀಟರಿನ ಆಚೀಚೆ, ಹೈದರಾಬಾದು ಇನ್ನೂರಕ್ಕೆ ತುಸು ಹೆಚ್ಚು. ನಮ್ಮ ರಾಜಧಾನಿ ಆರುನೂರರ ಆಸುಪಾಸು. ಭೀಮೆಗೊಂದು ಜಂಟಿ ಮಂಡಳಿ, ಗಡಿಯ ಶಾಲೆಗಳಿಗೆ ಆಚೀಚೆಯ ಮಾಸ್ತರರು ಮತ್ತು ಪಠ್ಯಪುಸ್ತಕ, ಹಳೆಯ ಉರ್ದು ದಾಖಲೆಗಳನ್ನು ಓದಿ ಕನ್ನಡ, ಮರಾಠಿ, ತೆಲುಗಿಗೆ ಇಳಿಸುವ ಒಂದು ಜಂಟಿ ಕೆಲಸ: ಇಷ್ಟಕ್ಕೆ ಸಂವಿಧಾನದ ಇನ್ನೊಂದು ತಿದ್ದುಪಡಿ ಬೇಕಾಗಿಲ್ಲ.

ಕಮಲಾಪುರದ ಮಾತಿನಿಂದಲೇ ಮುಗಿಸುತ್ತೇವೆ. 2018ರಲ್ಲಿ ಅದು ತಾಲ್ಲೂಕಾಯಿತು. ಅದಕ್ಕೂ ಮೊದಲು, 2017ರ ಅಕ್ಟೋಬರ್ 29ರಂದು, ಎರಡು ದಶಕ ಕಾದ 110 ಕಿಲೋಮೀಟರಿನ ಕಲಬುರಗಿ–ಬೀದರ್ ರೈಲು ಮರಗುತ್ತಿಯ ಗುಡ್ಡ ಕೊರೆದು ಅದರ ಪಕ್ಕದಲ್ಲೇ ಹಾದಿತ್ತು. ಹುಮನಾಬಾದಿನ ಹೆದ್ದಾರಿಯಲ್ಲಿ ಬಸ್ಸು ನಿಂತರೆ ಕಿಟಕಿಗೆ ಕೆಂಪು ಬಾಳೆಯ ಚಿಪ್ಪು ಬರುತ್ತದೆ. ಭೌಗೋಳಿಕ ಗುರುತಿನ ಗೌರವ ಪಡೆದ ಬಾಳೆ ಅದು. ರಾಜನಾಳ, ನಾವನಿಹಾಳದ ತೋಟಗಳಲ್ಲಿ ಅದನ್ನು ಬೆಳೆಯುವವರು ಈಗ ಕಡಿಮೆ, ಏಕೆಂದರೆ ಗೊನೆ ಕೈಗೆ ಬರಲು ಒಂದೂವರೆ ವರ್ಷ ಬೇಕು, ಅಲ್ಲಿಯತನಕ ನೀರು ತಪ್ಪಬಾರದು, ಗಾಳಿಗೆ ಊರುಗೋಲು ಕೊಡಬೇಕು. ನೆಟ್ಟು ಮರೆತರೆ ಅದು ಗೊನೆ ಬಿಡದು. 371(ಜೆ) ಎಂಬ ಸಸಿಯನ್ನು ನೆಡಲು ಒಂದು ತಲೆಮಾರು ದುಡಿಯಿತು, ಆ ತಲೆಮಾರಿನ ಬಹುಮಂದಿ ಈಗಿಲ್ಲ. ವೈಜನಾಥ ಪಾಟೀಲರೂ 2019ರ ನವೆಂಬರಿನಲ್ಲಿ ಹೋದರು. ಎಪ್ಪತ್ತನೇ ನವೆಂಬರ್ 1ಕ್ಕೆ ನಾವು ಕೇಳುವುದು ಹೊಸ ಹೆಸರನ್ನಲ್ಲ, ಹೊಸ ಘೋಷಣೆಯನ್ನಲ್ಲ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಎಷ್ಟು ಹುದ್ದೆ ತುಂಬಿತು, ಎಷ್ಟು ಖಾಲಿ ಉಳಿಯಿತು, ಯಾವ ಶಾಲೆಗೆ ಯಾವ ದಿನ ಮಾಸ್ತರರು ಬರುತ್ತಾರೆ ಎಂಬ ಪಟ್ಟಿಯನ್ನು ಪ್ರತಿ ಪಂಚಾಯಿತಿಯ ಗೋಡೆಗೆ ಅಂಟಿಸಿ. ಕನ್ನಡದಲ್ಲಿ ಅಂಟಿಸಿ. ಆ ಟ್ರಂಕಿನ ಕಾಗದವನ್ನು ಓದಲಾಗದ ಕಮಲಾಪುರದ ಮೊಮ್ಮಕ್ಕಳು ಈ ಕಾಗದವನ್ನಾದರೂ ತಾವೇ ಓದಿಕೊಳ್ಳಲಿ.